ಬಾವಿ ನೀರಿನಲ್ಲಿ ಇ. ಕೋಲೈ: ಪಂಚಾಯತಿ ಎಂಥ ನಿಯಮ ಮಾಡಿದರೆ ಉಪಯೋಗ?

ಪ್ರಶ್ನೆ: ನಾನು ದಕ್ಷಿಣ ಕನ್ನಡದ ಒಂದು ಗ್ರಾಮ ಪಂಚಾಯತಿಯ ಸದಸ್ಯೆ. ನಮ್ಮ ವಾರ್ಡಿನಲ್ಲಿ ಐದು ಸೆಂಟ್ಸ್ ಜಾಗದ ಮನೆಗಳೇ ಜಾಸ್ತಿ. ಹೆಚ್ಚಿನವರಿಗೆ ಸ್ವಂತ ಬಾವಿ ಇದೆ. ಮಳೆಗಾಲದಲ್ಲಿ ಕೆಲವು ಬಾವಿಗಳ ನೀರು ಪರೀಕ್ಷೆ ಮಾಡಿಸಿದಾಗ ಇ. ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) ಇದೆ ಎಂದು ವರದಿ ಬಂತು. ಈಗ "ನಿಮ್ಮ ಪಿಟ್ಟಿನ (ಶೌಚಗುಂಡಿಯ) ನೀರು ನಮ್ಮ ಬಾವಿಗೆ ಬರ್ತಿದೆ" ಎಂದು ಅಕ್ಕಪಕ್ಕದವರಲ್ಲಿ ಜಗಳ. ನೀರು ಕೆಡಿಸುವವರಿಗೆ ದಂಡ ಹಾಕುವ ನಿಯಮ ಮಾಡಿ ಎಂದು ವಾರ್ಡ್ ಸಭೆಯಲ್ಲಿ ಒತ್ತಾಯ ಮಾಡಿದ್ದಾರೆ. ಪಂಚಾಯತಿಗೆ ಆ ಅಧಿಕಾರ ಇದೆಯೇ? ನಿಯಮದಲ್ಲಿ ಏನೇನು ಇರಬೇಕು? ಈ ಜಗಳ ಬಗೆಹರಿಸುವುದು ಹೇಗೆ?

ಉತ್ತರ: ಅಧಿಕಾರ ಇದೆ. ಆದರೆ "ನೀರು ಕೆಡಿಸಿದರೆ ದಂಡ" ಎಂಬ ನಿಯಮ ಮಾಡಿದರೆ ಅದು ಕಾಗದದಲ್ಲೇ ಉಳಿಯುತ್ತದೆ. ಯಾಕೆ ಎಂದು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ.

ಇ. ಕೋಲೈ ಬಂದ ಬಾವಿಗಳ ಮನೆಯವರು ಕುಡಿಯುವ ನೀರನ್ನು ಚೆನ್ನಾಗಿ ಕುದಿಸಲಿ. ಬಿಸಿಯಾದರೆ ಸಾಲದು. ಗುಳ್ಳೆ ಎದ್ದು ಕೊತಕೊತ ಕುದಿಯಬೇಕು, ಕನಿಷ್ಠ ಒಂದು ನಿಮಿಷ. ಕುದಿಸಿ ಆರಿದ ನೀರಿಗೆ ಬಾವಿಯ ತಣ್ಣೀರು ಬೆರೆಸುವ ಅಭ್ಯಾಸ ಕೆಲವು ಮನೆಗಳಲ್ಲಿದೆ. ಹಾಗೆ ಮಾಡಿದರೆ ಕುದಿಸಿದ್ದು ವ್ಯರ್ಥ. ಜೊತೆಗೆ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ. ಅಳತೆ ಸುಲಭ: ಸಾವಿರ ಲೀಟರಿಗೆ ಎರಡೂವರೆ ಗ್ರಾಂ. ಎರಡೂವರೆ ಮೀಟರ್ ಅಗಲದ ಬಾವಿಯಲ್ಲಿ ನಾಲ್ಕು ಮೀಟರ್ ನೀರಿದ್ದರೆ ಸುಮಾರು 20,000 ಲೀಟರ್ ಆಗುತ್ತದೆ. ಅದಕ್ಕೆ 50 ಗ್ರಾಂ ಬೇಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಬಿಟ್ಟು, ಕೊಡಪಾನದಿಂದ ನೀರನ್ನು ಮೇಲೆ ಕೆಳಗೆ ಮಾಡಿ, ಒಂದು ಗಂಟೆ ಬಿಡಬೇಕು. ಈ ಲೆಕ್ಕ ಒಳ್ಳೆಯ ಪೌಡರಿಗೆ, ಅಂದರೆ ಸುಮಾರು ಶೇಕಡ 33 ಕ್ಲೋರಿನ್ ಇರುವುದಕ್ಕೆ. ನಮ್ಮ ಕರಾವಳಿಯ ತೇವದಲ್ಲಿ ಬಾಯಿ ತೆರೆದಿಟ್ಟ ಚೀಲದ ಪೌಡರ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕೆಂಪು ಬಗ್ಗಡದ ನೀರಿನಲ್ಲೂ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಹಾಗಾಗಿ ನೀರಿನಲ್ಲಿ ಕ್ಲೋರಿನ್ ಉಳಿದಿದೆಯೇ ಎಂದು ಕೊನೆಗೆ ಕ್ಲೋರಿನ್ ಕಿಟ್‌ನಲ್ಲಿ ನೋಡಲೇಬೇಕು. ಇನ್ನೊಂದು ಮಾತು, ಇದು ತಾತ್ಕಾಲಿಕ. ಪಕ್ಕದಿಂದ ಕೊಳಕು ಬರುತ್ತಲೇ ಇದ್ದರೆ ಬಾವಿ ಕೆಲವೇ ದಿನಗಳಲ್ಲಿ ಮೊದಲಿನಂತಾಗುತ್ತದೆ.

ಇನ್ನು ವರದಿಯ ಬಗ್ಗೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500. ಅದರ ಪ್ರಕಾರ 100 ಮಿಲಿ ನೀರಿನಲ್ಲಿ ಇ. ಕೋಲೈ ಒಂದೂ ಕಾಣಬಾರದು, ಒಟ್ಟು ಕೋಲಿಫಾರ್ಮ್ ಕೂಡ ಕಾಣಬಾರದು. ಆದರೆ ಇವೆರಡರ ತೂಕ ಒಂದೇ ಅಲ್ಲ. ಕೋಲಿಫಾರ್ಮ್ ಗುಂಪಿನ ಹಲವು ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಕೊಳೆತ ಎಲೆಯಲ್ಲಿ ಸಹಜವಾಗಿ ಇರುತ್ತವೆ. ಮಳೆಗಾಲದ ತೆರೆದ ಬಾವಿಯಲ್ಲಿ ಅವಷ್ಟೇ ಸಿಕ್ಕರೆ ಬಾವಿಕಟ್ಟೆ ಸರಿಪಡಿಸಿ, ಕ್ಲೋರಿನ್ ಹಾಕಿ, ಮತ್ತೆ ಪರೀಕ್ಷೆ ಮಾಡಿಸಿದರಾಯಿತು. ಇ. ಕೋಲೈ ಹಾಗಲ್ಲ. ಅದು ಬರುವುದು ಕರುಳಿನಿಂದ, ಅಂದರೆ ಮನುಷ್ಯರ ಅಥವಾ ಪ್ರಾಣಿಗಳ ಮಲದಿಂದ. ಅದೇ ದಾರಿಯಲ್ಲಿ ಟೈಫಾಯಿಡ್, ಕಾಲರಾ, ಕಾಮಾಲೆಯ ರೋಗಾಣುಗಳೂ ಬರಬಹುದು. ಆಶಾ ಕಾರ್ಯಕರ್ತೆಯರ ಬಳಿ ಇರುವ, ನೀರು ಕಪ್ಪಾಗುವ ಸಣ್ಣ ಬಾಟಲಿಯ ಪರೀಕ್ಷೆ ಅನುಮಾನ ಹುಟ್ಟಿಸಲು ಸಾಕು. ನಿರ್ಧಾರಕ್ಕೆ ಪ್ರಯೋಗಾಲಯದ ವರದಿಯೇ ಬೇಕು. ಅಲ್ಲಿ ನೈಟ್ರೇಟ್ ಕೂಡ ನೋಡಿಸಿ. ಅದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇ. ಕೋಲೈ ಮತ್ತು ನೈಟ್ರೇಟ್ ಎರಡೂ ಏರಿದ್ದರೆ ಶೌಚಗುಂಡಿ ಅಥವಾ ಹಟ್ಟಿಯ (ದನದ ಕೊಟ್ಟಿಗೆಯ) ನೀರು ಬಹಳ ಕಾಲದಿಂದ ಇಳಿಯುತ್ತಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ, ಅದೂ ನೆನಪಿರಲಿ.

ಈಗ ದಂಡದ ವಿಷಯ. ಸಾರ್ವಜನಿಕ ನೀರಿನ ಮೂಲವನ್ನು ಬೇಕೆಂದೇ ಕೆಡಿಸುವುದು ಈಗಾಗಲೇ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 279ನೇ ಕಲಮಿನಲ್ಲಿ ಆರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಇದೆ. 1974ರ ಜಲ ಕಾಯ್ದೆಯ 24ನೇ ಕಲಮು ಹೊಳೆಗೆ, ಬಾವಿಗೆ, ನೆಲಕ್ಕೆ ಗೊತ್ತಿದ್ದೂ ಕೊಳಕು ಬಿಡುವುದನ್ನು ತಡೆಯುತ್ತದೆ. ಕೋಳಿ ಅಂಗಡಿಯವರು ತೋಡಿಗೆ (ಹಳ್ಳಕ್ಕೆ) ತ್ಯಾಜ್ಯದ ಗೋಣಿ ಎಸೆದರೆ, ಲಾರಿಯವರು ರಾತ್ರಿ ಹೊಳೆಗೆ ಶೌಚಗುಂಡಿಯ ಕೊಳಕು ಬಿಟ್ಟರೆ ಇವು ಕೆಲಸಕ್ಕೆ ಬರುತ್ತವೆ. ಅಲ್ಲಿ ಮಾಡಿದವರು ಯಾರೆಂದು ಕಾಣುತ್ತದೆ. ನಿಮ್ಮ ವಾರ್ಡಿನಲ್ಲಿ ಹಾಗಲ್ಲ. ಹತ್ತು ಮನೆ, ಹತ್ತು ಗುಂಡಿ, ನಡುವೆ ಬಾವಿ. ಬ್ಯಾಕ್ಟೀರಿಯಾ ಮೇಲೆ ಮನೆ ನಂಬರ್ ಬರೆದಿರುವುದಿಲ್ಲ ಅಲ್ವಾ? ಇಂಥವರೇ ಕೆಡಿಸಿದರು ಎಂದು ಪಿಡಿಒ (ಪಂಚಾಯತಿ ಅಭಿವೃದ್ಧಿ ಅಧಿಕಾರಿ) ಸಾಬೀತು ಮಾಡುವುದು ಹೇಗೆ? ಆಗ ದಂಡ ಬೀಳುವುದು ಎದುರು ಮಾತಾಡಲಾಗದವರ ಮೇಲೆ.

ಆದ್ದರಿಂದ ನಿಯಮ ಇರಬೇಕಾದದ್ದು ಕಣ್ಣಿಗೆ ಕಾಣುವ, ಟೇಪು ಹಿಡಿದು ಅಳೆಯಬಹುದಾದ ವಿಷಯಗಳ ಮೇಲೆ. ಗುಂಡಿಯ ಆಳ, ಟ್ಯಾಂಕಿನ ತಳ, ಬಾವಿಗೆ ಇರುವ ದೂರ, ಕೊನೆಯ ಬಾರಿ ಕೊಳಕು ಎತ್ತಿಸಿದ ರಸೀದಿ. ನೀರು ಕೆಟ್ಟ ಮೇಲೆ ಕಳ್ಳನನ್ನು ಹುಡುಕುವ ನಿಯಮ ಬೇಡ. ಕೆಡುವ ದಾರಿಯನ್ನೇ ಮುಚ್ಚುವ ನಿಯಮ ಬೇಕು.

ಆ ದಾರಿ ಯಾವುದು ಎಂದು ಸ್ವಲ್ಪ ವಿವರವಾಗಿ ನೋಡೋಣ. ನಿಮ್ಮ ಕಡೆ ಸೆಪ್ಟಿಕ್ ಟ್ಯಾಂಕ್ ಎಂದು ಕರೆಯುವುದರಲ್ಲಿ ಬಹುಪಾಲು ಸೆಪ್ಟಿಕ್ ಟ್ಯಾಂಕ್ ಅಲ್ಲ. ಮುರಕಲ್ಲನ್ನು (ಜಂಬಿಟ್ಟಿಗೆ ಕಲ್ಲನ್ನು) ಆಳವಾಗಿ ಕಡಿದು, ತಳ ಹಾಗೇ ಬಿಟ್ಟು, ಮೇಲೆ ಸ್ಲ್ಯಾಬ್ ಹಾಕಿದ ಗುಂಡಿ ಅದು. "ನಮ್ಮ ಪಿಟ್ಟು ಕಟ್ಟಿ ಇಪ್ಪತ್ತು ವರ್ಷ ಆಯ್ತು, ಒಮ್ಮೆಯೂ ತುಂಬಿಲ್ಲ" ಎಂದು ಹೆಮ್ಮೆಯಿಂದ ಹೇಳುವವರನ್ನು ನೀವೂ ಕೇಳಿರಬಹುದು. ತುಂಬಿಲ್ಲ ಅಂದರೆ ಅದು ಎಲ್ಲಿಗೋ ಹೋಗಿದೆ! ನಿಜವಾದ ಸೆಪ್ಟಿಕ್ ಟ್ಯಾಂಕಿಗೆ ತಳ, ಗೋಡೆ ಎರಡೂ ಸೋರದಂತೆ ಇರಬೇಕು. ಅದರಲ್ಲಿ ಗಟ್ಟಿ ಕೊಳಕು ತಳಕ್ಕೆ ಕೂರುತ್ತದೆ, ನೀರು ಮುಂದೆ ಇಂಗುಗುಂಡಿಗೆ, ಅಂದರೆ ನೆಲಕ್ಕೆ ಇಂಗಿಸುವ ಗುಂಡಿಗೆ ಹೋಗುತ್ತದೆ. ಆ ನೀರು ಶುದ್ಧ ಎಂದುಕೊಳ್ಳಬೇಡಿ. ಅದರಲ್ಲಿ ಬ್ಯಾಕ್ಟೀರಿಯಾ ಯಥೇಚ್ಛವಾಗಿ ಇರುತ್ತವೆ. ಅವುಗಳನ್ನು ತಡೆದು ಸಾಯಿಸುವ ಕೆಲಸ ಮಾಡುವುದು ಟ್ಯಾಂಕ್ ಅಲ್ಲ, ಇಂಗುಗುಂಡಿಯ ಸುತ್ತಲಿನ ಮಣ್ಣು. ಆ ಮಣ್ಣು ನೀರು ತುಂಬಿ ನಿಂತಿರದೆ ಗಾಳಿ ಆಡುವಂತಿದ್ದು, ನೀರು ನಿಧಾನವಾಗಿ ಇಳಿದರೆ ಮಾತ್ರ ಕೆಲಸ ಆಗುತ್ತದೆ.

ಕರಾವಳಿಯಲ್ಲಿ ಎಡವಟ್ಟಾಗುವುದು ಇಲ್ಲೇ. ಮುರಕಲ್ಲಿನಲ್ಲಿ ತೂತು, ಬಿರುಕು, ಕೆಲವೆಡೆ ಕೈ ಹೋಗುವಷ್ಟು ಕೊಳವೆಗಳೂ ಇರುತ್ತವೆ. ಅದರೊಳಗೆ ನೀರು ಸೋಸುವುದಿಲ್ಲ, ಸುಮ್ನೆ ಹರಿಯುತ್ತದೆ. ಜೊತೆಗೆ ನಿಮ್ಮ ಜಿಲ್ಲೆಯ ಮಳೆ ನೋಡಿ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು. ಏಪ್ರಿಲ್‌ನಲ್ಲಿ ತಳ ಕಂಡ ಬಾವಿ ಜುಲೈಯಲ್ಲಿ ಕೈಗೆಟುಕುವಷ್ಟು ಮೇಲೆ ಬರುತ್ತದೆ. ಬೇಸಗೆಯಲ್ಲಿ ಒಣ ಕಲ್ಲಿನ ಮೇಲೆ ಕೂತಿದ್ದ ಗುಂಡಿಯ ತಳ ಮಳೆಗಾಲದಲ್ಲಿ ಅಂತರ್ಜಲದಲ್ಲೇ ಮುಳುಗಿರುತ್ತದೆ. ಆಗ ನಡುವೆ ಮಣ್ಣಿನ ತಡೆ ಅಂತ ಏನೂ ಇಲ್ಲ. ಮನೆ ಕಟ್ಟುವವರು ಗುಂಡಿ ತೋಡುವುದು ಬೇಸಗೆಯಲ್ಲಿ, ಪಂಚಾಯತಿಯವರು ಜಾಗ ನೋಡುವುದೂ ಬೇಸಗೆಯಲ್ಲಿ. ಆಗ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನನ್ನ ಪ್ರಕಾರ ನಿಮ್ಮ ನಿಯಮದ ಮೊದಲ ಸಾಲು ಹೀಗಿರಬೇಕು: ಇಂಗುಗುಂಡಿಯ ತಳ, ಆ ಜಾಗದಲ್ಲಿ ಮಳೆಗಾಲದ ಅತಿ ಎತ್ತರದ ನೀರಿನ ಮಟ್ಟಕ್ಕಿಂತ ಕನಿಷ್ಠ ಎರಡು ಮೀಟರ್ ಮೇಲಿರಬೇಕು. ಆ ಮಟ್ಟ ಎಲ್ಲಿದೆ ಎಂದು ತಿಳಿಯಲು ದೊಡ್ಡ ವಿಜ್ಞಾನ ಬೇಡ. ಜುಲೈ ಕೊನೆ, ಆಗಸ್ಟ್‌ನಲ್ಲಿ ಪ್ರತಿ ಬಾವಿಯ ಕಟ್ಟೆಯಿಂದ ನೀರಿನವರೆಗೆ ಹಗ್ಗ ಇಳಿಸಿ ಅಳೆದು ಪುಸ್ತಕದಲ್ಲಿ ಬರೆದಿಡಿ. ಪಂಚಾಯತಿಯ ನೀರುಗಂಟಿ ಮಾಡಬಲ್ಲ ಕೆಲಸ ಇದು. ಎಲ್ಲ ಬಾವಿಗಳ ಪಟ್ಟಿ, ಜಾಗ, ಮಟ್ಟ ಇರುವ ಆ ಪುಸ್ತಕ ಇಲ್ಲದಿದ್ದರೆ ಉಳಿದ ಯಾವ ನಿಯಮವೂ ನಿಲ್ಲುವುದಿಲ್ಲ.

ಎರಡು ಮೀಟರ್ ಬಿಡಲು ಆಗದ ತಗ್ಗು ಜಾಗಗಳಲ್ಲಿ ಏನು? ಅಲ್ಲಿ ಆಳದ ಗುಂಡಿಯೇ ಬೇಡ. ಸೋರದ ಟ್ಯಾಂಕ್ ಕಟ್ಟಿ, ಅದರಿಂದ ಬರುವ ನೀರನ್ನು ಒಂದು ಮೀಟರಿಗಿಂತ ಆಳವಿಲ್ಲದ ಉದ್ದನೆಯ ಕಾಲುವೆಯಲ್ಲಿ ಜಲ್ಲಿ ತುಂಬಿ ಮೇಲ್ಮಣ್ಣಿನಲ್ಲೇ ಇಂಗಿಸಬೇಕು. ಮೇಲೆ ಮಣ್ಣು ಮುಚ್ಚಿ ಬಾಳೆ ಹಾಕಿದರೆ ಇನ್ನೂ ಒಳ್ಳೆಯದು. ಜನ ಆಳಕ್ಕೆ ತೋಡಿದಷ್ಟು ಸ್ವಚ್ಛ ಎಂದುಕೊಂಡಿದ್ದಾರೆ. ಬ್ಯಾಕ್ಟೀರಿಯಾ ವಿಷಯದಲ್ಲಿ ಅದು ಪೂರ್ತಿ ಉಲ್ಟಾ. ಮೇಲ್ಮಣ್ಣಿನಲ್ಲೇ ಗಾಳಿ, ಬೇರು, ಬೇರೆ ಜೀವಿಗಳು ಎಲ್ಲ ಇರುವುದು.

ಇನ್ನು ದೂರ. ಸೆಪ್ಟಿಕ್ ಟ್ಯಾಂಕಿನ ಭಾರತೀಯ ಮಾನಕ ಐಎಸ್ 2470 ಹೇಳುವುದು: ಇಂಗಿಸುವ ವ್ಯವಸ್ಥೆ ಬಾವಿಯಂಥ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. ಅಳೆಯಬೇಕಾದದ್ದು ಇಂಗುಗುಂಡಿಯಿಂದ. ಶೌಚಾಲಯದ ಬಾಗಿಲಿನಿಂದಲೋ ಟ್ಯಾಂಕಿನಿಂದಲೋ ಅಲ್ಲ. ಟ್ಯಾಂಕ್ ನಿಜವಾಗಿ ಸೋರದಿದ್ದರೆ ಸ್ವಲ್ಪ ಹತ್ತಿರ ಇದ್ದರೂ ನಡೆಯುತ್ತದೆ, ಇಂಗುಗುಂಡಿಯನ್ನು ಪೈಪಿನಲ್ಲಿ ದೂರಕ್ಕೆ ಒಯ್ಯಬಹುದು. ಈ ಒಂದು ಮಾತು ಗೊತ್ತಿದ್ದರೆ ಎಷ್ಟೋ ಸಣ್ಣ ಜಾಗಗಳಲ್ಲಿ ದಾರಿ ಸಿಗುತ್ತದೆ.

ಆದರೆ ಐದು ಸೆಂಟ್ಸ್‌ಗೆ ಬನ್ನಿ. ಅದು 2,178 ಚದರ ಅಡಿ. ಚೌಕಾಕಾರ ಎಂದುಕೊಂಡರೆ ಒಂದು ಬದಿ ಸುಮಾರು 14 ಮೀಟರ್, ಮೂಲೆಯಿಂದ ಮೂಲೆಗೆ 20 ಮೀಟರ್. ಅದರೊಳಗೆ ಮನೆ, ಬಾವಿ, ಟ್ಯಾಂಕ್, ಇಂಗುಗುಂಡಿ ಎಲ್ಲ ಹಾಕಿ 18 ಮೀಟರ್ ಬಿಡಿ ಎಂದರೆ ಆಗುವ ಮಾತಲ್ಲ. ಸ್ವಂತ ಬಾವಿಯಿಂದ ಹೇಗೋ ದೂರ ಮಾಡಿದರೂ ಗುಂಡಿ ಪಕ್ಕದವರ ಬಾವಿಯ ಕಂಪೌಂಡಿಗೆ ತಾಗಿಕೊಳ್ಳುತ್ತದೆ. ನಿಮ್ಮ ವಾರ್ಡಿನ ಜಗಳದ ಬೇರು ಇದೇ ಇರಬೇಕು. ಇದಕ್ಕೆ ಮನೆಯವರನ್ನು ಬೈದು ಪ್ರಯೋಜನ ಇಲ್ಲ. ತಪ್ಪು ಆದದ್ದು ಜಾಗ ತುಂಡು ಮಾಡಿ ಸೈಟ್ ಮಾಡಿದ ದಿನ. ಹಾಗಾಗಿ ಮುಂದಿನ ಲೇಔಟ್‌ಗಳಿಗೆ ನಿಯಮ ಬೇರೆಯೇ ಬೇಕು: ಐದು ಸೆಂಟ್ಸ್ ಸೈಟುಗಳ ಗುಂಪಿನಲ್ಲಿ ಮನೆಗೊಂದು ಬಾವಿ, ಮನೆಗೊಂದು ಇಂಗುಗುಂಡಿ ಇಲ್ಲ. ಒಂದೋ ನಳ್ಳಿ ನೀರು, ಇಲ್ಲವೇ ಇಳಿಜಾರಿನ ಮೇಲ್ಭಾಗದಲ್ಲಿ ಎಲ್ಲರಿಗೂ ಸೇರಿ ಒಂದು ಬಾವಿ. ಕೊಳಕು ನೀರಿಗೆ ಕೆಳಭಾಗದಲ್ಲಿ ಸಾಮೂಹಿಕ ಟ್ಯಾಂಕ್. ಆ ಜಾಗವನ್ನು ನಕ್ಷೆಯಲ್ಲಿ ಬಿಡದಿದ್ದರೆ ಲೇಔಟ್‌ಗೆ ಒಪ್ಪಿಗೆ ಬೇಡ ಎಂದು ಪಂಚಾಯತಿ ಬರೆಯಬೇಕು. ಸದಸ್ಯರ ಮೇಲೆ ಒತ್ತಡ ಬರುತ್ತದೆ, ಗೊತ್ತು.

ಬಿಡಿ ಮನೆಗಳಿಗೆ ನಿಯಮವನ್ನು ಹಿಡಿಸುವ ಜಾಗ ಮನೆ ಕಟ್ಟುವ ಪರವಾನಗಿ ಮತ್ತು ಮನೆ ನಂಬರ್. ಪಂಚಾಯತಿಯ ಸಹಿ ಅಲ್ಲಿ ಬೇಕೇ ಬೇಕು. ಮಾನಕ ಎಂಬುದು ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ, ಪರವಾನಗಿಯ ಷರತ್ತಾಗಿ ಬರೆದರೆ ಕಟ್ಟಿಹಾಕುತ್ತದೆ. ಅರ್ಜಿಯ ನಕ್ಷೆಯಲ್ಲಿ ಅರ್ಜಿದಾರರ ಬಾವಿ ಮಾತ್ರವಲ್ಲ, ಸುತ್ತ 18 ಮೀಟರ್ ಒಳಗಿನ ಪಕ್ಕದವರ ಬಾವಿಗಳನ್ನೂ ತೋರಿಸಬೇಕು. ಗುಂಡಿ ತೋಡುವ ಮೊದಲು ಒಮ್ಮೆ, ಸ್ಲ್ಯಾಬ್ ಮುಚ್ಚುವ ಮೊದಲು ಒಮ್ಮೆ ಪಂಚಾಯತಿಯವರು ನೋಡಬೇಕು. ಎರಡನೆಯದು ಬಹಳ ಮುಖ್ಯ. ಸ್ಲ್ಯಾಬ್ ಬಿದ್ದ ಮೇಲೆ ಒಳಗೆ ಏನಿದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಟ್ಯಾಂಕಿಗೆ ನೀರು ತುಂಬಿಸಿ ಗೆರೆ ಎಳೆದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಮತ್ತೆ ಗಾರೆ ಮಾಡಿಸಬೇಕು. ಆಮೇಲೆಯೇ ಮನೆ ನಂಬರ್.

ಹಳೆಯ ಮನೆಗಳದ್ದು ಕಷ್ಟದ ವಿಷಯ. ಒಂದೇ ಏಟಿಗೆ ಎಲ್ಲ ಒಡೆಯಿರಿ ಎನ್ನಲಾಗದು. ಬಾವಿ ಪುಸ್ತಕ ನೋಡಿ, ವರದಿ ಕೆಟ್ಟಿರುವ ಬಾವಿಗಳಿಗೆ ತೀರಾ ಹತ್ತಿರದ, ಅದರಲ್ಲೂ ಇಳಿಜಾರಿನಲ್ಲಿ ಮೇಲಿರುವ ಗುಂಡಿಗಳನ್ನು ಮೊದಲು ಆರಿಸಿ. ಅಷ್ಟು ಮನೆಗಳಿಗೆ ಸೋರದ ಟ್ಯಾಂಕ್ ಮಾಡಿಸಲು ಗಡುವು ಕೊಡಿ, ಬಡವರಿಗೆ ಸಹಾಯ ಮಾಡಿ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ಪಂಚಾಯತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇಕಡ 60ನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಿಟ್ಟಿತ್ತು. ಇಂಥ ಹಣವನ್ನು ಗೋಡೆ ಬರಹಕ್ಕೆ ಸುರಿಯುವ ಬದಲು ಇದಕ್ಕೆ ಬಳಸಬಹುದು. ಹಣ ಹಾಕಿದರೂ ಸರಿಹೋಗದಷ್ಟು ಒತ್ತೊತ್ತಾಗಿ ಇರುವಲ್ಲಿ ಬಾವಿಯನ್ನು ಬಟ್ಟೆ, ಪಾತ್ರೆ, ತೋಟಕ್ಕೆ ಬಿಟ್ಟು, ಕುಡಿಯಲು ನಳ್ಳಿ ನೀರು ಕೊಡುವುದೇ ಸರಿ. ಅಜ್ಜನ ಕಾಲದ ಬಾವಿ ನೀರು ಬಿಟ್ಟು ನಳ್ಳಿ ನೀರು ಕುಡಿಯಲು ಜನ ಒಪ್ಪುವುದು ನಿಧಾನ. ವರದಿ ಕೈಗೆ ಕೊಟ್ಟು ಮಾತಾಡಿ.

ಟ್ಯಾಂಕ್ ಸರಿ ಮಾಡಿಸಿದರೆ ಹೊಸದೊಂದು ಪ್ರಶ್ನೆ ಬರುತ್ತದೆ. ಸೋರದ ಟ್ಯಾಂಕ್ ತುಂಬುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಎತ್ತಿಸಬೇಕು. ಎತ್ತಿದ್ದನ್ನು ಲಾರಿಯವರು ಎಲ್ಲಿ ಸುರಿಯುತ್ತಾರೆ ಎಂದು ನಿಯಮ ಹೇಳದಿದ್ದರೆ, ಹತ್ತು ಗುಂಡಿಯ ಕೊಳಕು ಒಂದೇ ತೋಡಿಗೆ ಹೋಗುತ್ತದೆ. ಲಾರಿಗಳು ಪಂಚಾಯತಿಯಲ್ಲಿ ನೋಂದಾಯಿಸಲಿ, ಪ್ರತಿ ಸಲ ಯಾವ ಮನೆ, ಎಲ್ಲಿ ಸುರಿದದ್ದು ಎಂಬ ರಸೀದಿ ಇರಲಿ. ಸುರಿಯಲು ಸಂಸ್ಕರಣಾ ಘಟಕ ಬೇಕಲ್ಲ ಎಂದರೆ, ಅದು ಒಂದು ಪಂಚಾಯತಿಯಿಂದ ಆಗುವ ಕೆಲಸವಲ್ಲ. ದೇವನಹಳ್ಳಿಯಲ್ಲಿ 2015ರಲ್ಲಿ ಇಡೀ ಪಟ್ಟಣಕ್ಕಾಗಿ ಶೌಚಗುಂಡಿ ಕೊಳಕಿನ ಘಟಕ ಶುರುವಾಯಿತು. ದೇಶದಲ್ಲಿ ಆ ಬಗೆಯದ್ದು ಅದೇ ಮೊದಲು. ನಿಮ್ಮ ಸುತ್ತಲಿನ ಪಂಚಾಯತಿಗಳು ಸೇರಿ ತಾಲ್ಲೂಕಿಗೊಂದು ಕೇಳಬಹುದು. ಮತ್ತೆ, ರಕ್ಷಣಾ ಸಾಧನ ಕೊಡದೆ, ಸುರಕ್ಷತಾ ಕ್ರಮ ಪಾಲಿಸದೆ ಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಮಲಹೊರುವ ಪದ್ಧತಿ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಬೈಲಾದಲ್ಲಿ, ಅಂದರೆ ಪಂಚಾಯತಿ ತಾನೇ ಮಾಡುವ ನಿಯಮದಲ್ಲಿ, ಅದನ್ನೂ ಬರೆಯಿರಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಹಟ್ಟಿ ಮತ್ತು ಗೊಬ್ಬರದ ಗುಂಡಿಯೂ ಬಾವಿಯ ಮೇಲ್ಭಾಗದಲ್ಲಿ ಇರಬಾರದು. ದನದ ಸೆಗಣಿಯಿಂದಲೂ ಇ. ಕೋಲೈ ಬರುತ್ತದೆ, ಸಾಮಾನ್ಯ ಪರೀಕ್ಷೆ ದನದ್ದೋ ಮನುಷ್ಯರದ್ದೋ ಎಂದು ಹೇಳುವುದಿಲ್ಲ. ಬಾವಿಗೆ ಕಟ್ಟೆ, ಸುತ್ತ ಒಂದು ಮೀಟರ್ ಸಿಮೆಂಟ್ ಜಗಲಿ, ಚೆಲ್ಲಿದ ನೀರು ಹೊರಗೆ ಹೋಗಲು ಕಣಿ ಇರಬೇಕು. ಛಾವಣಿ ನೀರನ್ನು ಬಾವಿಗೆ ಬಿಡುವವರು ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಆಮೇಲೆ ಸೋಸಿ ಬಿಡಲಿ. ರಸ್ತೆ, ಅಂಗಳದ ನೀರು ಬೇಡವೇ ಬೇಡ. ಬತ್ತಿದ ಬೋರ್‌ವೆಲ್‌ಗೆ ಶೌಚದ ಪೈಪು ಕೊಡುವುದು ಎಲ್ಲಕ್ಕಿಂತ ಕೆಟ್ಟದ್ದು, ಅದು ಮಣ್ಣಿನ ಸೋಸುವಿಕೆಯನ್ನೇ ತಪ್ಪಿಸಿ ಕೊಳಕನ್ನು ನೇರ ಕಲ್ಲಿನ ಬಿರುಕಿಗೆ ಇಳಿಸುತ್ತದೆ. ಕೈಬಿಟ್ಟ ಬೋರ್‌ವೆಲ್ ಮುಚ್ಚಬೇಕು ಎಂದು ಸುಪ್ರೀಂ ಕೋರ್ಟ್ ಮಕ್ಕಳ ಜೀವದ ಕಾರಣಕ್ಕೆ 2010ರಲ್ಲೇ ಹೇಳಿದೆ. ನೀವು ನೀರಿನ ಕಾರಣವನ್ನೂ ಸೇರಿಸಿ.

ನಿಯಮ ಮನೆಯವರಿಗೆ ಮಾತ್ರ ಇದ್ದರೆ ಅನ್ಯಾಯ. ಪಂಚಾಯತಿ ತನಗೂ ಹಾಕಿಕೊಳ್ಳಬೇಕು. 2022ರಲ್ಲಿ ರಾಯಚೂರು, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ, 2024ರಲ್ಲಿ ಮೈಸೂರು ಬಳಿಯ ಕೆ. ಸಾಲುಂಡಿ. ಮೂರೂ ಕಡೆ ಕಲುಷಿತ ನೀರಿನ ಪ್ರಕರಣಗಳಲ್ಲಿ ಜೀವ ಹೋಗಿದೆ. ಪೈಪಿನಲ್ಲಿ ಬಂದ ನೀರು ಎಂದ ಮಾತ್ರಕ್ಕೆ ನಂಬುವಂತಿಲ್ಲ. ನೀರು ನಿಂತಾಗ ಪೈಪಿನೊಳಗೆ ಒತ್ತಡ ಇರುವುದಿಲ್ಲ, ಒಡೆದ ಜಾಗದಿಂದ ಚರಂಡಿಯ ನೀರು ಒಳಗೆ ಎಳೆಯಲ್ಪಡುತ್ತದೆ. ಕುಡಿಯುವ ನೀರಿನ ಪೈಪು ಚರಂಡಿಯಿಂದ ಮೂರು ಮೀಟರ್ ದೂರ ಇರಬೇಕು, ದಾಟಲೇಬೇಕಾದರೆ ಅರ್ಧ ಮೀಟರ್ ಮೇಲೆ ದಾಟಬೇಕು. ಕೊನೆಯ ಮನೆಯ ನಳ್ಳಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಆದರೂ ಉಳಿದಿರಬೇಕು. ಇಷ್ಟು ಚೀಲ ಬ್ಲೀಚಿಂಗ್ ಖರೀದಿಸಿದೆವು ಎಂಬ ಲೆಕ್ಕ ನಿಯಮದಲ್ಲಿ ಬೇಡ, ಕೊನೆಯ ನಳ್ಳಿಯ ಅಂಕಿ ಬರಲಿ. ಅದನ್ನು ಪಂಚಾಯತಿ ಕಚೇರಿಯ ಹಲಗೆಯಲ್ಲಿ ಬರೆಯಿರಿ. ಬ್ಯಾಕ್ಟೀರಿಯಾ ಪರೀಕ್ಷೆ ವರ್ಷಕ್ಕೆ ಎರಡು ಸಲ, ಮಳೆಗೆ ಮುಂಚೆ ಮತ್ತು ಮಳೆಯ ನಂತರ. ಮೊದಲ ದೊಡ್ಡ ಮಳೆ ಬಿದ್ದ ವಾರ ಇನ್ನೊಮ್ಮೆ ಮಾಡಿಸಿದರೆ ಒಳ್ಳೆಯದು. ಮಾದರಿಯನ್ನು ಪ್ರಯೋಗಾಲಯದವರೇ ಕೊಟ್ಟ ಬಾಟಲಿಯಲ್ಲಿ ತೆಗೆದು, ಐಸ್‌ನಲ್ಲಿಟ್ಟು 24 ಗಂಟೆಯೊಳಗೆ ತಲುಪಿಸಬೇಕು. ಹಳೆ ಬಿಸ್ಲೆರಿ ಬಾಟಲಿಯಲ್ಲಿ ಕಳಿಸಿದ ನೀರಿನ ವರದಿಗೆ ಬೆಲೆ ಇಲ್ಲ.

ಕಾನೂನಿನ ದಾರಿ: 1993ರ ಪಂಚಾಯತ್ ರಾಜ್ ಕಾಯ್ದೆ ಗ್ರಾಮ ಪಂಚಾಯತಿಗೆ ಬೈಲಾ ಮಾಡುವ ಅಧಿಕಾರ ಕೊಟ್ಟಿದೆ. ಕರಡು ಬರೆದು, ಪ್ರಕಟಿಸಿ, ಊರವರ ಆಕ್ಷೇಪಣೆ ಕೇಳಿ, ಜಿಲ್ಲಾ ಪಂಚಾಯತಿಯ ಒಪ್ಪಿಗೆ ಪಡೆಯಬೇಕು. ದಂಡದ ಮೊತ್ತಕ್ಕೆ ಕಾಯ್ದೆಯಲ್ಲೇ ಮಿತಿ ಇದೆ, ವಾರ್ಡ್ ಸಭೆಯಲ್ಲಿ ಕೂಗಿದಷ್ಟು ಹಾಕಲಾಗದು. ಬೈಲಾಕ್ಕೆ ಸಮಯ ಹಿಡಿಯುತ್ತದೆ. ಬಾವಿ ಪುಸ್ತಕ, ಪರವಾನಗಿಯ ಸ್ಥಳ ಪರಿಶೀಲನೆ, ನಳ್ಳಿಯ ಕ್ಲೋರಿನ್ ಇವಕ್ಕೆ ಪಂಚಾಯತಿಯ ನಿರ್ಣಯ ಸಾಕು. ಅವನ್ನು ಮುಂದಿನ ಸಭೆಯಲ್ಲೇ ಶುರು ಮಾಡಬಹುದು.

ಕೊನೆಗೆ ಜಗಳ. ಅಂತರ್ಜಲದ ಗುರುತಿಗೆ ಬಳಸುವ ಫ್ಲೋರೆಸೀನ್ ಎಂಬ ಹಸಿರು ಬಣ್ಣ ಇದೆ. ಅನುಮಾನ ಇರುವ ಮನೆಯವರ ಒಪ್ಪಿಗೆ ಪಡೆದು, ಎರಡೂ ಮನೆಯವರ ಎದುರಿಗೇ ಶೌಚಾಲಯದಲ್ಲಿ ಹಾಕಿ ನೀರು ಬಿಡಿ. ಬಾವಿಯ ನೀರನ್ನು ಗಾಜಿನ ಬಾಟಲಿಯಲ್ಲಿ ದಿನಾ ತೆಗೆದು ನೋಡಿ. ಇದನ್ನು ಮಾಡಬೇಕಾದ್ದು ಮಳೆಗಾಲದಲ್ಲಿ, ಗೊತ್ತಿರುವ ಎಂಜಿನಿಯರ್ ಅಥವಾ ಭೂವಿಜ್ಞಾನಿಯ ಜೊತೆ. ಬಣ್ಣ ಬಂದರೆ ಮಾತು ಮುಗಿಯಿತು, ಆ ಗುಂಡಿಯನ್ನು ಮೊದಲು ಸರಿ ಮಾಡಿಸಿ. ಬಾರದಿದ್ದರೆ ಆ ಮನೆಯವರು ನಿರ್ದೋಷಿ ಎಂದು ಘೋಷಿಸಬೇಡಿ. ಮುರಕಲ್ಲಿನಲ್ಲಿ ಬಣ್ಣ ಬೇರೆ ಕಡೆಗೂ ಹೋಗಿರಬಹುದು, ಕಾಣದಷ್ಟು ತೆಳುವಾಗಿರಬಹುದು. ಆಗ ಆ ಬಾವಿಯ ಸುತ್ತ 18 ಮೀಟರ್ ಒಳಗಿನ ಎಲ್ಲ ಗುಂಡಿಗಳ ಸ್ಲ್ಯಾಬ್ ತೆಗೆಸಿ ತಳ ನೋಡಿ. ದೂರು ಕೊಟ್ಟವರ ಸ್ವಂತ ಗುಂಡಿಯಿಂದಲೇ ಶುರು ಮಾಡಿ.